ಆನ್‌ಲೈನ್ ವಿಡಿಯೊ ಮತ್ತು ಮನೆಯ ಸರೌಂಡ್ ಧ್ವನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆನ್‌ಲೈನ್‌ನಲ್ಲಿ ಬರುವ ಚಿತ್ರ, ಸರಣಿಗಳನ್ನು ಮನೆಯಲ್ಲಿ ಸರೌಂಡ್ ಧ್ವನಿಯೊಂದಿಗೆ ನೋಡಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವುಗಳ ಮೂಲ ಒಂದೇ. ಸರ್ವರ್‌ನಿಂದ ಹೊರಟ ಧ್ವನಿ ಸ್ಪೀಕರ್ ತಲುಪುವ ದಾರಿಯಲ್ಲಿ ಎಲ್ಲೋ ಒಂದೆಡೆ ಆರು ಚಾನೆಲ್‌ಗಳು (ಒಂದೊಂದು ಸ್ಪೀಕರ್‌ಗೆಂದು ಬೇರೆಬೇರೆಯಾಗಿ ಬರುವ ಧ್ವನಿಗಳು) ಎರಡಕ್ಕೆ ಇಳಿಯುತ್ತವೆ, ಇಳಿದದ್ದನ್ನು ಯಾವ ಉಪಕರಣವೂ ನಿಮಗೆ ಹೇಳುವುದಿಲ್ಲ. ಪರದೆಯ ಮೇಲೆ ದೋಷದ ಸಂದೇಶ ಕಾಣಿಸುವುದಿಲ್ಲ, ಸದ್ದು ನಿಲ್ಲುವುದಿಲ್ಲ. ಧ್ವನಿ ತಂತ್ರಜ್ಞರು ವಾರಗಟ್ಟಲೆ ಕುಳಿತು ಜೋಡಿಸಿದ ಕೆಲಸದ ಅರ್ಧ ಭಾಗ ಸದ್ದಿಲ್ಲದೆ ಸೋರಿಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅದನ್ನು ಹುಡುಕಿ ತಡೆಯುವುದು ಕಷ್ಟವೇನಲ್ಲ. ಎಲ್ಲಿ ನೋಡಬೇಕೆಂದು ತಿಳಿದಿದ್ದರೆ ಸಾಕು.

ಐದೂ ಸ್ಪೀಕರ್‌ಗಳಿಂದ ಸದ್ದು ಬರುತ್ತಿದೆ. ಅಂದಮೇಲೆ ಸರೌಂಡ್ ಸರಿಯಾಗಿದೆ ಎಂದೇ ಅರ್ಥವಲ್ಲವೇ?

ಅಲ್ಲ. ಬಹುತೇಕ ಎಲ್ಲ ರಿಸೀವರ್‌ಗಳಲ್ಲೂ (ಧ್ವನಿಯನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆಗಳು) ಹೋಮ್ ಥಿಯೇಟರ್ ಸೆಟ್‌ಗಳಲ್ಲೂ ಎರಡು ಚಾನೆಲ್‌ನ ಧ್ವನಿಯನ್ನೇ ಎಲ್ಲ ಸ್ಪೀಕರ್‌ಗಳಿಗೂ ಹಂಚುವ ಸೌಲಭ್ಯ ಇರುತ್ತದೆ. ‘ಆಲ್ ಚಾನೆಲ್ ಸ್ಟೀರಿಯೊ’, ‘ಮಲ್ಟಿ ಚಾನೆಲ್ ಸ್ಟೀರಿಯೊ’ ಎಂಬ ಹೆಸರುಗಳಲ್ಲಿ ಅದು ಮೆನುವಿನಲ್ಲಿ ಕುಳಿತಿರುತ್ತದೆ. ಕೋಣೆಯ ತುಂಬ ಸದ್ದಾಗುತ್ತದೆ, ಆದರೆ ಯಾವುದು ಎಲ್ಲಿಂದ ಬರಬೇಕಿತ್ತೋ ಅಲ್ಲಿಂದ ಬರುವುದಿಲ್ಲ.

ಒಂದು ಸುಲಭ ಪರೀಕ್ಷೆ ಇದೆ. ಇಬ್ಬರು ಎದುರುಬದುರು ಕುಳಿತು ಮಾತನಾಡುವ ಸಾದಾ ದೃಶ್ಯವನ್ನು ಹಾಕಿ, ಎದ್ದು ಹೋಗಿ ಹಿಂದಿನ ಸ್ಪೀಕರ್‌ಗೆ ಕಿವಿ ಹಚ್ಚಿ. ನಿಜವಾದ 5.1, ಅಂದರೆ ಆರು ಚಾನೆಲ್‌ನ ಧ್ವನಿ ಆಗಿದ್ದರೆ ಅಲ್ಲಿ ಕಿಟಕಿಯಾಚೆಯ ವಾಹನದ ಸದ್ದೋ, ಗಾಳಿಯ ಸುಯ್ಯೆನ್ನುವ ಶಬ್ದವೋ, ಹಿನ್ನೆಲೆ ಸಂಗೀತದ ತೆಳುವಾದ ಎಳೆಯೋ ಕೇಳುತ್ತದೆ. ಕೆಲವು ದೃಶ್ಯಗಳಲ್ಲಿ ಏನೂ ಕೇಳದಿರಬಹುದು, ಅದೂ ಸರಿಯೇ. ಆ ಇಬ್ಬರ ಮಾತೇ ಸ್ಪಷ್ಟವಾಗಿ ಕೇಳಿಸಿದರೆ ಬರುತ್ತಿರುವುದು ಎರಡು ಚಾನೆಲ್‌ನ ನಕಲು.

ಇದಕ್ಕಿಂತ ನಂಬಬಹುದಾದ ಸಾಕ್ಷಿ ರಿಸೀವರ್‌ನ ಮುಂಭಾಗದ ಪುಟ್ಟ ಪರದೆಯಲ್ಲಿದೆ. ರಿಮೋಟ್‌ನಲ್ಲಿ ‘ಇನ್ಫೊ’ ಅಥವಾ ‘ಸ್ಟೇಟಸ್’ ಎಂಬ ಗುಂಡಿ ಇದ್ದರೆ ಒತ್ತಿ. ಅಲ್ಲಿ ಎರಡು ವಿಷಯ ಬೇರೆಬೇರೆಯಾಗಿ ಕಾಣುತ್ತವೆ: ಒಳಗೆ ಬರುತ್ತಿರುವ ಸಂಕೇತ ಯಾವುದು, ಹೊರಗೆ ಹೋಗುತ್ತಿರುವುದು ಎಷ್ಟು ಸ್ಪೀಕರ್‌ಗೆ. ನೋಡಬೇಕಾದದ್ದು ಮೊದಲನೆಯದನ್ನು. ‘ಡಾಲ್ಬಿ ಡಿಜಿಟಲ್ ಪ್ಲಸ್’, ‘ಡಾಲ್ಬಿ ಡಿಜಿಟಲ್’, ‘ಅಟ್ಮಾಸ್’ (ಮೇಲಿನಿಂದಲೂ ಸದ್ದು ಬರಿಸಬಲ್ಲ ಡಾಲ್ಬಿ ವಿಧಾನ) ಅಥವಾ ‘ಮಲ್ಟಿ ಚಾನೆಲ್’ ಎಂದಿದ್ದರೆ ದಾರಿ ತೆರೆದಿದೆ. ‘ಪಿಸಿಎಂ 2.0’ ಎಂದಿದ್ದರೆ ಎರಡೇ ಚಾನೆಲ್ ಬರುತ್ತಿದೆ, ಹೊರಗೆ ಎಷ್ಟು ಸ್ಪೀಕರ್ ಮೊಳಗಿದರೂ ಅಷ್ಟೇ.

5.1 ಎಂಬುದರ ಲೆಕ್ಕ ಏನು?

ಮುಂದೆ ಎಡ, ನಡು, ಬಲ. ಪಕ್ಕದಲ್ಲಿ ಅಥವಾ ತುಸು ಹಿಂದೆ ಎಡ ಮತ್ತು ಬಲ. ಒಟ್ಟು ಐದು ಪೂರ್ಣ ಚಾನೆಲ್. ಚುಕ್ಕಿಯ ನಂತರದ ಒಂದು, ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿನಂಥ ಸದ್ದಿಗೆಂದೇ ಮೀಸಲಾದ ಚಾನೆಲ್. 7.1ರಲ್ಲಿ ಬೆನ್ನ ಹಿಂದೆ ಇನ್ನೆರಡು ಸೇರುತ್ತವೆ. 5.1.2 ಎಂದು ಮೂರು ಅಂಕಿ ಕಂಡರೆ ಕೊನೆಯದು ಮೇಲಿನಿಂದ ಸದ್ದು ಬೀರುವ ಸ್ಪೀಕರ್‌ಗಳ ಸಂಖ್ಯೆ.

ಚಿತ್ರದ ಮಾತು ಹೆಚ್ಚುಕಡಿಮೆ ಪೂರ್ತಿಯಾಗಿ ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಮುಂದಿನ ಕೆಲವು ಉತ್ತರಗಳಿಗೆ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಚಿತ್ರದ ವಿವರದಲ್ಲಿ 5.1 ಎಂದು ಬರೆದಿದ್ದರೂ ನನಗೆ ಎರಡೇ ಚಾನೆಲ್ ಸಿಗುತ್ತಿದೆ. ಎಲ್ಲಿ ಕಳೆದುಹೋಯಿತು?

ದಾರಿಯಲ್ಲಿ ಹಲವು ತಾಣಗಳಿವೆ, ಯಾವುದೇ ಒಂದರಲ್ಲಿ ಕಳೆದರೂ ಮುಂದಿನವು ಮರಳಿ ತಂದುಕೊಡಲಾರವು. ದಪ್ಪ ಕೊಳವೆಗಳ ಸಾಲಿನ ನಡುವೆ ಅರ್ಧ ಇಂಚಿನ ಒಂದು ತುಂಡು ಸೇರಿಕೊಂಡರೆ ಕೊನೆಯ ನಲ್ಲಿಯಲ್ಲಿ ಬರುವುದು ಆ ಅರ್ಧ ಇಂಚಿನ ನೀರೇ. ಹಾಗಾಗಿ ಮೊದಲ ತುದಿಯಿಂದ ಹಿಡಿದು ಒಂದೊಂದನ್ನೇ ನೋಡುತ್ತಾ ಬರಬೇಕು.

ಮೊದಲು ಚಂದಾ. ಕೆಲವು ಸೇವೆಗಳು ಸರೌಂಡ್ ಅಥವಾ ಅಟ್ಮಾಸ್ ಧ್ವನಿಯನ್ನು ದುಬಾರಿ ಯೋಜನೆಗೆ ಮಾತ್ರ ಕೊಡುತ್ತವೆ. ಆಮೇಲೆ ಭಾಷೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಒಂದೇ ಚಿತ್ರದ ಪ್ರತಿ ಭಾಷೆಯ ಧ್ವನಿಯೂ ಬೇರೆಯೇ ಕಡತ. ಮೂಲ ಭಾಷೆಯದು 5.1 ಆಗಿದ್ದು, ಡಬ್ ಆದದ್ದು ಬರೀ ಸ್ಟೀರಿಯೊ ಆಗಿರುವುದು ಸಾಮಾನ್ಯ. ಧ್ವನಿಯ ಮೆನು ತೆರೆದರೆ ಭಾಷೆಯ ಹೆಸರಿನ ಪಕ್ಕದಲ್ಲಿ 5.1 ಎಂದು ಇದೆಯೋ ಇಲ್ಲವೋ ಹಲವು ಆ್ಯಪ್‌ಗಳು ತೋರಿಸುತ್ತವೆ. ಡಬ್ ಮಾಡುವವರು ಮಾತನ್ನಷ್ಟೇ ಬದಲಿಸಿ ಸುತ್ತಲ ಧ್ವನಿಯನ್ನು ಉಳಿಸಿಕೊಳ್ಳುವುದು ಸಾಧ್ಯವಿದೆ, ಅನೇಕರು ಹಾಗೆ ಮಾಡುತ್ತಲೂ ಇದ್ದಾರೆ. ಮಾಡದವರು ತಮ್ಮ ಭಾಷೆಯ ನೋಡುಗರನ್ನು ಎರಡನೆಯ ದರ್ಜೆಗೆ ತಳ್ಳುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಆ್ಯಪ್ ಮತ್ತು ಅದು ಓಡುವ ಉಪಕರಣ. ಅದೇ ಸೇವೆಯ ಆ್ಯಪ್ ಒಂದು ಟಿವಿಯಲ್ಲಿ 5.1 ಕೊಟ್ಟು ಇನ್ನೊಂದರಲ್ಲಿ ಸ್ಟೀರಿಯೊ ಮಾತ್ರ ಕೊಡಬಹುದು. ಆ ಮಾದರಿಗೆ ಸೇವೆಯವರು ಅನುಮತಿ ಕೊಟ್ಟಿದ್ದಾರೆಯೇ, ಅದಕ್ಕೆ ಡಾಲ್ಬಿಯ ಪರವಾನಗಿ ಇದೆಯೇ ಎಂಬುದು ಇದನ್ನು ನಿರ್ಧರಿಸುತ್ತದೆ.

ನಾಲ್ಕನೆಯದು ಉಪಕರಣಗಳ ನಡುವಿನ ಮಾತುಕತೆ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ಕೂಡಲೇ ಆಚೆಯ ಉಪಕರಣ ‘ನನಗೆ ಇಂತಿಂಥ ಧ್ವನಿ ಅರ್ಥವಾಗುತ್ತದೆ’ ಎಂಬ ಪಟ್ಟಿಯನ್ನು ಈಚೆಯದಕ್ಕೆ ಕೊಡುತ್ತದೆ. ಸ್ಟ್ರೀಮಿಂಗ್ ಸ್ಟಿಕ್ ಟಿವಿಗೆ ಸಿಕ್ಕಿಸಿದ್ದು, ಟಿವಿ ತನಗೆ ಎರಡೇ ಚಾನೆಲ್ ಗೊತ್ತು ಎಂದು ಹೇಳಿಕೊಂಡರೆ, ಸ್ಟಿಕ್ ಎರಡನ್ನೇ ಕಳಿಸುತ್ತದೆ. ಟಿವಿಯಾಚೆ ಎಷ್ಟೇ ಒಳ್ಳೆಯ ರಿಸೀವರ್ ಇದ್ದರೂ ಅದರ ಸುದ್ದಿ ಸ್ಟಿಕ್‌ಗೆ ಮುಟ್ಟುವುದೇ ಇಲ್ಲ. ರಿಸೀವರ್‌ನಲ್ಲಿ ಎಚ್‌ಡಿಎಂಐ ಒಳದಾರಿ ಇದ್ದರೆ ಸ್ಟಿಕ್ ಅನ್ನು ನೇರವಾಗಿ ಅಲ್ಲಿಗೇ ಸಿಕ್ಕಿಸಿ, ಚಿತ್ರವನ್ನು ಅಲ್ಲಿಂದ ಟಿವಿಗೆ ಕಳಿಸಿ. ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಕೊನೆಗೆ ಟಿವಿಯ ಸೆಟ್ಟಿಂಗ್ ಮತ್ತು ಕೇಬಲ್. ಇವೆರಡಕ್ಕೂ ಪ್ರತ್ಯೇಕ ಪ್ರಶ್ನೆಗಳು ಕೆಳಗಿವೆ.

ಟಿವಿಯ ಮೆನುವಿನಲ್ಲಿ ಪಿಸಿಎಂ, ಬಿಟ್‌ಸ್ಟ್ರೀಮ್, ಪಾಸ್‌ಥ್ರೂ, ಆಟೊ ಎಂದಿದೆ. ಯಾವುದನ್ನು ಆರಿಸಲಿ?

ಪಾಸ್‌ಥ್ರೂ ಇದ್ದರೆ ಅದು. ಇಲ್ಲದಿದ್ದರೆ ಆಟೊ ಅಥವಾ ಬಿಟ್‌ಸ್ಟ್ರೀಮ್. ಪಿಸಿಎಂ ಬೇಡ.

ಕಾರಣ ಇಷ್ಟೇ. ಪಿಸಿಎಂ ಎಂದರೆ ಡಾಲ್ಬಿ ವಿಧಾನದಲ್ಲಿ ಕುಗ್ಗಿಸಿ ಕಟ್ಟಿದ ಧ್ವನಿಯ ಗಂಟನ್ನು ಟಿವಿಯೇ ಬಿಚ್ಚಿ, ಬಿಚ್ಚಿದ ಧ್ವನಿಯನ್ನು ಕಳಿಸುವುದು. ಆಪ್ಟಿಕಲ್ ಕೇಬಲ್‌ನಲ್ಲಿ (ಬೆಳಕಿನ ಮೂಲಕ ಧ್ವನಿ ಸಾಗಿಸುವ ತಂತಿ), ಸಾಮಾನ್ಯ ಎಆರ್‌ಸಿಯಲ್ಲಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿಯ ಧ್ವನಿ ಹಿಂದಕ್ಕೆ ಬರುವ ವ್ಯವಸ್ಥೆ) ಹಾಗೆ ಬಿಚ್ಚಿದ ಧ್ವನಿಗೆ ಎರಡು ಚಾನೆಲ್‌ನಷ್ಟೇ ಜಾಗ. ಪಾಸ್‌ಥ್ರೂ ಆದರೆ ಗಂಟು ಹಾಗೆಯೇ ರಿಸೀವರ್‌ಗೆ ಹೋಗಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಹಲವು ಟಿವಿಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ಪಿಸಿಎಂನಲ್ಲಿರುತ್ತವೆ. ಟಿವಿಯ ಸಾಫ್ಟ್‌ವೇರ್ ನವೀಕರಣವಾದಾಗ ಸೆಟ್ಟಿಂಗ್ ಮತ್ತೆ ಹಳೆಯದಕ್ಕೆ ಮರಳುವುದೂ ಉಂಟು. ನಿನ್ನೆಯವರೆಗೆ ಸರಿಯಿದ್ದ ಸರೌಂಡ್ ಇಂದು ಇಲ್ಲವೆಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಸ್ಟಿಕ್ ಅಥವಾ ಸೆಟ್ ಟಾಪ್ ಪೆಟ್ಟಿಗೆಯ ಒಳಗೂ ಇಂಥದ್ದೇ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಮರೆಯಬೇಡಿ.

ಒಂದು ವಿನಾಯಿತಿ: ಆ್ಯಪಲ್ ಟಿವಿ 4ಕೆಯಂಥ ಪೆಟ್ಟಿಗೆ ತಾನೇ ಗಂಟು ಬಿಚ್ಚಿ ಬಹುಚಾನೆಲ್ ಪಿಸಿಎಂ ಕಳಿಸುತ್ತದೆ. ಅದನ್ನು ಎಚ್‌ಡಿಎಂಐ ಮೂಲಕ ನೇರ ರಿಸೀವರ್‌ಗೆ ಕೊಟ್ಟರೆ ಆರೂ ಚಾನೆಲ್ ಬರುತ್ತವೆ. ಅಲ್ಲಿ ರಿಸೀವರ್ ಪರದೆಯಲ್ಲಿ ಡಾಲ್ಬಿ ಎಂಬ ಹೆಸರು ಕಾಣದೆ ‘ಮಲ್ಟಿ ಚಾನೆಲ್’ ಎಂದು ಕಂಡರೆ ಗಾಬರಿ ಬೇಡ.

ಆಪ್ಟಿಕಲ್, ಎಆರ್‌ಸಿ, ಇ-ಎಆರ್‌ಸಿ: ವ್ಯತ್ಯಾಸ ನಿಜವಾಗಿ ಎಷ್ಟಿದೆ?

ಆಪ್ಟಿಕಲ್ ಕೇಬಲ್ 1983ರಷ್ಟು ಹಳೆಯದು, ತೋಷಿಬಾ ತಂದದ್ದು. ಸ್ಟೀರಿಯೊ ಪಿಸಿಎಂ, ಅಥವಾ ಕುಗ್ಗಿಸಿದ ಡಾಲ್ಬಿ ಡಿಜಿಟಲ್ ಹಾಗೂ ಡಾಲ್ಬಿಯಂಥದ್ದೇ ಆದ ಡಿಟಿಎಸ್ 5.1, ಇಷ್ಟೇ ಅದರ ಸಾಮರ್ಥ್ಯ. ಸ್ಟ್ರೀಮಿಂಗ್ ಸೇವೆಗಳು ಬಳಸುವ ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಹೋಗುವುದಿಲ್ಲ. ಟಿವಿಯೋ ಪೆಟ್ಟಿಗೆಯೋ ಪ್ಲಸ್ ಅನ್ನು ಹಳೆಯ ಡಾಲ್ಬಿ ಡಿಜಿಟಲ್‌ಗೆ ಮಾರ್ಪಡಿಸಿ ಕೊಟ್ಟರೆ 5.1 ಸಿಗುತ್ತದೆ, ಕೊಡದಿದ್ದರೆ ಸ್ಟೀರಿಯೊ. ಅಟ್ಮಾಸ್ ಅಂತೂ ಆಪ್ಟಿಕಲ್‌ನಲ್ಲಿ ಇಲ್ಲವೇ ಇಲ್ಲ.

ಎಆರ್‌ಸಿ 2009ರಲ್ಲಿ ಎಚ್‌ಡಿಎಂಐ 1.4ರೊಂದಿಗೆ ಬಂತು. ಟಿವಿಯ ಧ್ವನಿ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಹಿಂದಕ್ಕೆ ಹರಿದು ರಿಸೀವರ್ ಸೇರುವ ವ್ಯವಸ್ಥೆ ಅದು. ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಹೋಗಬಲ್ಲುದು, ಪ್ಲಸ್‌ನೊಳಗೆ ಅಡಗಿದ ಅಟ್ಮಾಸ್ ಕೂಡ. ಹಳೆಯ ಕೆಲವು ಟಿವಿಗಳು ಮಾತ್ರ ಎಆರ್‌ಸಿ ಇದ್ದರೂ ಡಾಲ್ಬಿ ಡಿಜಿಟಲ್‌ವರೆಗೆ ಸಾಕೆಂದು ನಿಲ್ಲಿಸಿಬಿಡುತ್ತವೆ.

ಇ-ಎಆರ್‌ಸಿ 2017ರಲ್ಲಿ ಪ್ರಕಟವಾದ ಎಚ್‌ಡಿಎಂಐ 2.1ರ ಭಾಗ. ಇದರಲ್ಲಿ ಸೆಕೆಂಡಿಗೆ ಸುಮಾರು 37 ಮೆಗಾಬಿಟ್ ಧ್ವನಿ ಸಾಗಬಲ್ಲುದು. ಬ್ಲೂ-ರೇ ಡಿಸ್ಕ್‌ಗಳ ನಷ್ಟವಿಲ್ಲದ ಧ್ವನಿಯನ್ನು, ಬಹುಚಾನೆಲ್ ಪಿಸಿಎಂ ಅನ್ನು ಟಿವಿಯಿಂದ ರಿಸೀವರ್‌ಗೆ ಕಳಿಸಲು ಇದು ಬೇಕೇ ಬೇಕು. ಬರೀ ಸ್ಟ್ರೀಮಿಂಗ್ ನೋಡುವವರಿಗೆ ಸರಿಯಾಗಿ ಕೆಲಸ ಮಾಡುವ ಎಆರ್‌ಸಿ ಸಾಕು, ಇ-ಎಆರ್‌ಸಿಗಾಗಿಯೇ ಟಿವಿ ಬದಲಿಸುವ ಅಗತ್ಯವಿಲ್ಲ.

ಕೇಬಲ್ ಸಿಕ್ಕಿಸುವ ಮುನ್ನ ಟಿವಿಯ ಹಿಂಭಾಗ ನೋಡಿ. ಮೂರು ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಎಂದು ಅಚ್ಚಾಗಿರುತ್ತದೆ. ಬೇರೆ ಕಿಂಡಿಯಲ್ಲಿ ಟಿವಿಯ ಧ್ವನಿ ಹಿಂದಕ್ಕೆ ಬರುವುದಿಲ್ಲ. ಎಆರ್‌ಸಿ ನಡೆಯಲು ಟಿವಿಯಲ್ಲೂ ರಿಸೀವರ್‌ನಲ್ಲೂ ಎಚ್‌ಡಿಎಂಐ ಸಿಇಸಿ (ಕೇಬಲ್ ಮೂಲಕ ಒಂದು ಉಪಕರಣ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ) ಸಾಮಾನ್ಯವಾಗಿ ಚಾಲೂ ಆಗಿರಬೇಕಾಗುತ್ತದೆ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿರುವುದರಿಂದ ಮೆನುವಿನಲ್ಲಿ ತುಸು ಹುಡುಕಬೇಕು.

ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಹಾಕಿ ಎಚ್‌ಡಿಎಂಐನಿಂದ ರಿಸೀವರ್‌ಗೆ ಕೊಟ್ಟಿದ್ದೇನೆ. ಆದರೂ ಸ್ಟೀರಿಯೊ ಏಕೆ?

ಕೇಬಲ್‌ನ ತಪ್ಪಲ್ಲ. ಡಾಲ್ಬಿಯನ್ನು ಬಿಡಿಸುವ ಸಾಮರ್ಥ್ಯ ಎಲ್ಲ ಬ್ರೌಸರ್‌ಗಳಲ್ಲೂ ಇಲ್ಲ. ಇಲ್ಲದ ಬ್ರೌಸರ್‌ಗೆ ಸೇವೆಯು ಸ್ಟೀರಿಯೊ ಕಡತವನ್ನೇ ಕಳಿಸುತ್ತದೆ, ಹಾಗಾಗಿ ಆರು ಚಾನೆಲ್ ನಿಮ್ಮ ಲ್ಯಾಪ್‌ಟಾಪ್‌ವರೆಗೂ ಬಂದಿರುವುದೇ ಇಲ್ಲ. ವಿಂಡೋಸ್‌ನಲ್ಲಿ ಎಡ್ಜ್, ಮ್ಯಾಕ್‌ನಲ್ಲಿ ಸಫಾರಿ ಬಳಸಿ ನೋಡಿ. ಸೇವೆಯ ಸ್ವಂತ ಆ್ಯಪ್ ಇದ್ದರೆ ಅದನ್ನೂ ಪ್ರಯತ್ನಿಸಿ. ಕೆಲವು ಸೇವೆಗಳು ಕಂಪ್ಯೂಟರ್‌ಗೆ ಸರೌಂಡ್ ಕೊಡುವುದೇ ಇಲ್ಲ, ಅಲ್ಲಿ ಯಾವ ಬ್ರೌಸರ್ ಬದಲಿಸಿದರೂ ಫಲವಿಲ್ಲ.

ಜೊತೆಗೆ ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಾಧನವನ್ನು ಆರಿಸಿ, ಸ್ಪೀಕರ್ ವಿನ್ಯಾಸವನ್ನು ಸ್ಟೀರಿಯೊದಿಂದ 5.1ಕ್ಕೆ ಬದಲಿಸಬೇಕು. ಅಲ್ಲಿರುವ ಪರೀಕ್ಷೆಯ ಗುಂಡಿ ಒತ್ತಿದರೆ ಒಂದೊಂದು ಸ್ಪೀಕರ್‌ನಲ್ಲೂ ಪ್ರತ್ಯೇಕವಾಗಿ ಸದ್ದಾಗಬೇಕು. ಮೆನುವಿನಲ್ಲಿ 5.1 ಎಂಬ ಆಯ್ಕೆಯೇ ಕಾಣದಿದ್ದರೆ, ಲ್ಯಾಪ್‌ಟಾಪ್‌ಗೆ ಆಚೆಯ ಉಪಕರಣ ಎರಡೇ ಚಾನೆಲ್‌ನ ಪಟ್ಟಿ ಕೊಟ್ಟಿದೆ ಎಂದು ತಿಳಿಯಿರಿ. ನಡುವೆ ಟಿವಿ ಇದ್ದಾಗ ಹೀಗಾಗುವುದು ಹೆಚ್ಚು.

ಮೊಬೈಲ್ ಪರದೆಯನ್ನು ಟಿವಿಗೆ ಬಿಂಬಿಸಿ ನೋಡುತ್ತೇನೆ. ಅದರಲ್ಲಿ ಸರೌಂಡ್ ಬರುತ್ತದೆಯೇ?

ಸಾಮಾನ್ಯವಾಗಿ ಬರುವುದಿಲ್ಲ. ಪರದೆಯನ್ನು ಬಿಂಬಿಸಿದಾಗ ಮೊಬೈಲ್ ತಾನು ಬಿಚ್ಚಿದ ಚಿತ್ರ ಮತ್ತು ಧ್ವನಿಯನ್ನು ಮತ್ತೆ ಕುಗ್ಗಿಸಿ ಕಳಿಸುತ್ತದೆ, ಆ ಹೊತ್ತಿಗೆ ಧ್ವನಿ ಎರಡು ಚಾನೆಲ್ ಆಗಿರುತ್ತದೆ. ಆ್ಯಪ್‌ನೊಳಗಿನ ‘ಕಾಸ್ಟ್’ ಗುಂಡಿ ಬೇರೆ ರೀತಿಯದು. ಅದು ಟಿವಿಗೆ ವಿಳಾಸವನ್ನಷ್ಟೇ ಕೊಡುತ್ತದೆ, ಟಿವಿ ಅಥವಾ ಸ್ಟಿಕ್ ನೇರವಾಗಿ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಹಾಗೆ ನೋಡಿದರೆ ಸರೌಂಡ್ ಸಿಗುವ ಅವಕಾಶ ಹೆಚ್ಚು.

ಬ್ಲೂಟೂತ್‌ನಿಂದ 5.1 ಕಳಿಸಬಹುದೇ?

ಆಗುವುದಿಲ್ಲ. ಸಂಗೀತ ಕಳಿಸಲು ಬ್ಲೂಟೂತ್ ಬಳಸುವ ಎ2ಡಿಪಿ ವಿಧಾನದಲ್ಲಿ ಎರಡೇ ಚಾನೆಲ್ ಇರುವುದು. ಸೌಂಡ್‌ಬಾರ್ ಪೆಟ್ಟಿಗೆಯ ಮೇಲೆ 5.1 ಎಂದಿದ್ದರೂ ಬ್ಲೂಟೂತ್‌ನಲ್ಲಿ ಜೋಡಿಸಿದರೆ ಅದಕ್ಕೆ ತಲುಪುವುದು ಸ್ಟೀರಿಯೊ.

ನನ್ನ ಬಳಿ ಇರುವ 5.1 ಸೆಟ್‌ಗೆ ಎಚ್‌ಡಿಎಂಐ ಇಲ್ಲ, ಆಪ್ಟಿಕಲ್ ಕೂಡ ಇಲ್ಲ. ಏನು ಮಾಡಲಿ?

ಹಿಂಭಾಗದಲ್ಲಿ ಏನಿದೆ ನೋಡಿ. ಕೆಂಪು, ಬಿಳಿ ಬಣ್ಣದ ಒಂದು ಜೋಡಿ ಕಿಂಡಿ, ಒಂದು ಆಕ್ಸ್, ಬ್ಲೂಟೂತ್, ಪೆನ್‌ಡ್ರೈವ್ ಕಿಂಡಿ ಇಷ್ಟೇ ಇದ್ದರೆ ಆ ಸೆಟ್ ಆನ್‌ಲೈನ್ ಚಿತ್ರದ 5.1 ಧ್ವನಿಯನ್ನು ಸ್ವೀಕರಿಸಲಾರದು. ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಇವೆ ಎಂಬ ಕಾರಣಕ್ಕೆ ಅದನ್ನು 5.1 ಎಂದು ಮಾರಿದ್ದಾರೆ. ಆರು ಚಾನೆಲ್ ಒಳಗೆ ಬರುವ ಬಾಗಿಲೇ ಇಲ್ಲದ ಸೆಟ್ಟಿಗೆ ಆ ಹೆಸರು ಕೊಡುವುದು ಕೊಳ್ಳುವವರಿಗೆ ಮಾಡುವ ಮೋಸ ಎಂದೇ ನಾನು ತಿಳಿದಿದ್ದೇನೆ.

ಆ ಕೆಂಪು, ಬಿಳಿ ಕಿಂಡಿಗಳಂಥವೇ (ಆರ್‌ಸಿಎ) ಆರು ಬೇರೆಬೇರೆ ಕಿಂಡಿಗಳಿದ್ದರೆ ದಾರಿ ಇದೆ. ಡಾಲ್ಬಿಯನ್ನು ಬಿಡಿಸಿ ಆರು ತಂತಿಗಳಲ್ಲಿ ಹೊರಗೆ ಕೊಡುವ ಡಿಕೋಡರ್ ಪೆಟ್ಟಿಗೆಗಳು ಸಿಗುತ್ತವೆ. ಕೊಳ್ಳುವ ಮುನ್ನ ಅದು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನೂ ಬಿಡಿಸುತ್ತದೆಯೇ, ಹಳೆಯ ಡಾಲ್ಬಿ ಡಿಜಿಟಲ್ ಮಾತ್ರವೇ ಎಂಬುದನ್ನು ವಿವರಪಟ್ಟಿಯಲ್ಲಿ ನೋಡಿಕೊಳ್ಳಿ.

ಎಲ್ಲವೂ ಸರಿಯಿದ್ದು 5.1 ಬರುತ್ತಿದೆ. ಆದರೂ ಡಿಸ್ಕ್‌ನಲ್ಲಿ ಕೇಳಿದ ಗಾಂಭೀರ್ಯ ಇಲ್ಲ. ಇದು ನನ್ನ ಭ್ರಮೆಯೇ?

ಪೂರ್ತಿ ಭ್ರಮೆಯಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಆರು ಚಾನೆಲ್‌ಗಳನ್ನು ಕುಗ್ಗಿಸದೆ ಕಳಿಸಿದರೆ ಸೆಕೆಂಡಿಗೆ ಸುಮಾರು 6.9 ಮೆಗಾಬಿಟ್ ಬೇಕು. ಬ್ಲೂ-ರೇಯಲ್ಲಿನ ಡಾಲ್ಬಿ ಟ್ರೂಎಚ್‌ಡಿ ಇದನ್ನು ಒಂದು ಬಿಟ್ ಕೂಡ ಕಳೆಯದೆ ಮಡಚಿಡುತ್ತದೆ. ಗರಿಷ್ಠ 18 ಮೆಗಾಬಿಟ್‌ವರೆಗೆ ಅದಕ್ಕೆ ಅವಕಾಶವಿದೆ. ಸ್ಟ್ರೀಮಿಂಗ್‌ನಲ್ಲಿ ಅದೇ ಆರು ಚಾನೆಲ್‌ಗಳು 192ರಿಂದ 640 ಕಿಲೋಬಿಟ್‌ನೊಳಗೆ ಬರಬೇಕು. 192 ಎಂದರೆ ಮೂಲದ ಮೂವತ್ತಾರನೆಯ ಒಂದು ಭಾಗ, 640 ಎಂದರೆ ಹನ್ನೊಂದನೆಯ ಒಂದು ಭಾಗ. ಕಿವಿಗೆ ಕೇಳಿಸದು ಎಂದು ಲೆಕ್ಕ ಹಾಕಿದ ಭಾಗಗಳನ್ನು ಕೈಬಿಟ್ಟು ಈ ಇಳಿಕೆ ಸಾಧಿಸುತ್ತಾರೆ.

ಹೋಲಿಕೆಗೆ, ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್‌ನ ಮಿತಿ 448 ಕಿಲೋಬಿಟ್ ಆಗಿತ್ತು. ನೆಟ್‌ಫ್ಲಿಕ್ಸ್ 2019ರಲ್ಲಿ ತನ್ನ 5.1 ಧ್ವನಿಯನ್ನು 640 ಕಿಲೋಬಿಟ್‌ವರೆಗೆ, ಅಟ್ಮಾಸ್ ಅನ್ನು 768ರವರೆಗೆ ಏರಿಸಿತು. ಕುಗ್ಗಿಸುವ ಗಣಿತವೂ ಡಿವಿಡಿ ಕಾಲಕ್ಕಿಂತ ಸುಧಾರಿಸಿದೆ. 640ರ ಮಟ್ಟದಲ್ಲಿ ಸಾಧಾರಣ ಕೋಣೆಯಲ್ಲಿ ವ್ಯತ್ಯಾಸ ಹಿಡಿಯುವುದು ಬಹಳ ಕಷ್ಟ ಎಂಬುದು ನನ್ನ ಅನುಭವ. 192ರಲ್ಲಿ ಹಾಗಲ್ಲ. ಜೋರು ಮಳೆ, ನೂರಾರು ಜನರ ಚಪ್ಪಾಳೆ ಕೇಳಿ ನೋಡಿ. ಒಂದೊಂದು ಹನಿ, ಒಂದೊಂದು ಕೈ ಬೇರೆಯಾಗಿ ಕೇಳಬೇಕಾದಲ್ಲಿ ಎಲ್ಲವೂ ಕಲಸಿಕೊಂಡು ಒಂದೇ ಸುಯ್ಲಿನಂತೆ ಕೇಳುತ್ತದೆ.

ಇನ್ನೊಂದು ಕಾರಣ, ಕುಗ್ಗಿಸುವುದಕ್ಕೂ ಮೊದಲಿನದು. ಮನೆಯಲ್ಲಿ ಕೇಳುವವರಿಗೆಂದು ಕೆಲವು ಚಿತ್ರಗಳಿಗೆ ಬೇರೆಯೇ ಮಿಶ್ರಣ ಮಾಡಿ, ಗಟ್ಟಿ ಮತ್ತು ಮೆಲುದನಿಯ ನಡುವಿನ ಅಂತರವನ್ನು ತಗ್ಗಿಸಿರುತ್ತಾರೆ. ಡಿಸ್ಕ್‌ಗೂ ಸ್ಟ್ರೀಮಿಂಗ್‌ಗೂ ಬಂದದ್ದು ಒಂದೇ ಮಿಶ್ರಣ ಆಗಿರಲೇಬೇಕೆಂದಿಲ್ಲ. ಹೋಲಿಸುವಾಗ ಎರಡರ ವಾಲ್ಯೂಮ್ ಸಮನಾಗಿರಲಿ, ತುಸು ಗಟ್ಟಿಯಾದದ್ದೇ ನಮಗೆ ಯಾವಾಗಲೂ ಉತ್ತಮವೆನಿಸುತ್ತದೆ.

ಇಂಟರ್ನೆಟ್ ವೇಗ ಹೆಚ್ಚಿಸಿಕೊಂಡರೆ ಧ್ವನಿ ಸುಧಾರಿಸುತ್ತದೆಯೇ?

ಸಂಪರ್ಕ ತೀರ ಕುಂಟುತ್ತಿದ್ದರೆ ಮಾತ್ರ. ಅಟ್ಮಾಸ್‌ನ 768 ಕಿಲೋಬಿಟ್ ಎಂದರೆ ಗಂಟೆಗೆ ಸುಮಾರು 346 ಮೆಗಾಬೈಟ್, 4ಕೆ ಚಿತ್ರದ ಮುಂದೆ ಅದು ಏನೂ ಅಲ್ಲ. ಆದರೆ ವೇಗ ಏರಿಳಿಯುವಾಗ ಕೆಲವು ಸೇವೆಗಳು ಚಿತ್ರದ ಜೊತೆಗೆ ಧ್ವನಿಯ ಗುಣಮಟ್ಟವನ್ನೂ ಇಳಿಸುತ್ತವೆ. 4ಕೆಗೆ 15 ಮೆಗಾಬಿಟ್ ಸ್ಥಿರವಾಗಿ ಸಿಗುತ್ತಿದ್ದರೆ ಧ್ವನಿಗಾಗಿ ಅದಕ್ಕಿಂತ ಹೆಚ್ಚು ತೆರಬೇಕಿಲ್ಲ. ಆ್ಯಪ್‌ನಲ್ಲಿ ‘ಡೇಟಾ ಉಳಿತಾಯ’ದ ಆಯ್ಕೆ ಚಾಲೂ ಇದ್ದರೆ ತೆಗೆದುಹಾಕಿ.

ಯೂಟ್ಯೂಬ್‌ನಲ್ಲಿ ‘5.1 ಸರೌಂಡ್ ಟೆಸ್ಟ್’ ಎಂಬ ವಿಡಿಯೊ ಹಾಕಿದೆ. ಹಿಂದಿನ ಎಡ ಎಂದು ಹೇಳುವಾಗ ಮುಂದಿನ ಎಡದಿಂದ ಕೇಳುತ್ತಿದೆ.

ಆ ವಿಡಿಯೊ ನಿಮಗೆ ಸ್ಟೀರಿಯೊ ಆಗಿ ಬಂದಿದೆ. ಯೂಟ್ಯೂಬ್ 5.1 ಧ್ವನಿಯನ್ನು ಸ್ವೀಕರಿಸುತ್ತದೆ, ಹೊಂದುವ ಟಿವಿಗಳ ಆ್ಯಪ್‌ನಲ್ಲಿ ಕೊಡುತ್ತದೆ ಕೂಡ. ಆದರೆ ಮೊಬೈಲ್, ಬ್ರೌಸರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಟೀರಿಯೊ. ಎಷ್ಟೋ ‘ಟೆಸ್ಟ್’ ವಿಡಿಯೊಗಳನ್ನು ಏರಿಸಿದವರೇ ಎರಡು ಚಾನೆಲ್‌ನಲ್ಲಿ ಏರಿಸಿ ಶೀರ್ಷಿಕೆಯಲ್ಲಿ ಮಾತ್ರ 5.1 ಬರೆದಿರುತ್ತಾರೆ. ಅವುಗಳಿಂದ ನಿಮ್ಮ ಸೆಟ್ಟಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ರಿಸೀವರ್‌ನ ಒಳಗೇ ಇರುವ ಪರೀಕ್ಷಾ ಸದ್ದಿನಿಂದ ತಂತಿಗಳನ್ನು ಪರಿಶೀಲಿಸಿ, ಚಂದಾ ಸೇವೆಯ 5.1 ಚಿತ್ರದಿಂದ ಉಳಿದದ್ದನ್ನು.

ಅಟ್ಮಾಸ್ ಎಂಬ ಗುರುತು ಕಾಣುತ್ತದೆ. ಮೇಲಿನ ಸ್ಪೀಕರ್‌ನಲ್ಲಿ ಸದ್ದೇ ಇಲ್ಲವಲ್ಲ?

ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ, 2014ರಲ್ಲಿ ಮನೆಗಳಿಗೆ ಬಂತು. ಸ್ಟ್ರೀಮಿಂಗ್‌ನಲ್ಲಿ ಅದು ಡಾಲ್ಬಿ ಡಿಜಿಟಲ್ ಪ್ಲಸ್‌ನ ಬೆನ್ನೇರಿ ಬರುತ್ತದೆ: 5.1 ಧ್ವನಿ, ಜೊತೆಗೆ ಯಾವ ಸದ್ದು ಕೋಣೆಯ ಯಾವ ಬಿಂದುವಿನಲ್ಲಿರಬೇಕು ಎಂಬ ಮಾಹಿತಿ. ಅಟ್ಮಾಸ್ ಅರಿಯದ ರಿಸೀವರ್ ಆ ಮಾಹಿತಿಯನ್ನು ಬಿಟ್ಟು 5.1 ಅನ್ನಷ್ಟೇ ನುಡಿಸುತ್ತದೆ. ಇನ್ನು, ಮೇಲಿನಿಂದ ಸದ್ದು ಬರಬೇಕೋ ಬೇಡವೋ ಎಂಬುದು ಧ್ವನಿ ವಿನ್ಯಾಸಕರ ನಿರ್ಧಾರ. ಇಡೀ ಚಿತ್ರದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಬಳಸಿದವರಿದ್ದಾರೆ. ಮಳೆ, ಹೆಲಿಕಾಪ್ಟರ್ ಇರುವ ದೃಶ್ಯ ಬರುವವರೆಗೆ ಕಾಯಿರಿ.

ಮಾತು ಕೇಳಿಸುವುದಿಲ್ಲ ಎಂದು ವಾಲ್ಯೂಮ್ ಏರಿಸಿದರೆ ಮರುಕ್ಷಣದ ಸ್ಫೋಟಕ್ಕೆ ಮನೆಯೇ ನಡುಗುತ್ತದೆ. ಪರಿಹಾರ ಇಲ್ಲವೇ?

ಇದೆ, ಮತ್ತು ಇದು ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ. ಕಥೆಯ ಜೀವ ಮಾತಿನಲ್ಲಿದೆ, ಮಾತೇ ಕೇಳದ ಮೇಲೆ ಸುತ್ತಲ ಗಾಳಿ ಮಳೆಯಿಂದ ಏನು ಪ್ರಯೋಜನ?

ಮಾತಿನ ಸರಾಸರಿ ಮಟ್ಟಕ್ಕೆ ಸೇವೆಗಳಲ್ಲಿ ನಿಯಮ ಇದೆ. ನೆಟ್‌ಫ್ಲಿಕ್ಸ್‌ಗೆ ಕೊಡುವ ಮಿಶ್ರಣದಲ್ಲಿ ಮಾತು ಗರಿಷ್ಠ ಮಟ್ಟಕ್ಕಿಂತ ಸುಮಾರು 27 ಡೆಸಿಬೆಲ್ ಕೆಳಗೆ ಇರಬೇಕು. ಸ್ಫೋಟದ ಶಿಖರ 2 ಡೆಸಿಬೆಲ್ ಕೆಳಗಿನವರೆಗೂ ಏರಬಹುದು. ನಿಶ್ಶಬ್ದವಾದ ಕೋಣೆಯಲ್ಲಿ, ಒಳ್ಳೆಯ ಸ್ಪೀಕರ್‌ಗಳ ಮುಂದೆ ಈ ಅಂತರ ರೋಮಾಂಚನ. ಫ್ಯಾನ್ ತಿರುಗುವ, ಪಕ್ಕದ ಕೋಣೆಯಲ್ಲಿ ಮಗು ಮಲಗಿರುವ ಮನೆಯಲ್ಲಿ ಅದು ಹಿಂಸೆ.

ಎರಡನೆಯ ಕಾರಣ ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುವ ಲೆಕ್ಕ. ನಡುವಿನ ಚಾನೆಲ್ ಅನ್ನು 3 ಡೆಸಿಬೆಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಸೇರಿಸುತ್ತಾರೆ, ಸರೌಂಡ್‌ನ ಸದ್ದುಗಳನ್ನೂ ಹಾಗೆಯೇ ಅಲ್ಲಿಗೇ ತುರುಕುತ್ತಾರೆ. ತಗ್ಗು ಸ್ವರದ ಚಾನೆಲ್ ಅನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ತನ್ನದೇ ಸ್ಪೀಕರ್‌ನಲ್ಲಿ ನಿರಾಳವಾಗಿದ್ದ ಮಾತು ಈಗ ಸಂಗೀತ ಮತ್ತು ಗದ್ದಲದೊಂದಿಗೆ ಒಂದೇ ಜಾಗಕ್ಕೆ ಗುದ್ದಾಡಬೇಕು. ಟಿವಿಯ ಕೆಳಮುಖದ ಸಣ್ಣ ಸ್ಪೀಕರ್‌ಗಳಲ್ಲಿ ಮಾತು ಮುಳುಗುವುದು ಇದರಿಂದ.

ಹಾಗಾಗಿ: ಟಿವಿಯಲ್ಲೇ ಕೇಳುವವರು ಧ್ವನಿಯ ಮೆನುವಿನಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ ನೋಡಿ, ಸೇವೆಯವರು ಸರಿಯಾಗಿ ಸಿದ್ಧಪಡಿಸಿದ ಸ್ಟೀರಿಯೊ ಇದ್ದರೆ ಮಾತು ತಿಳಿಯಾಗುತ್ತದೆ. 5.1 ಸೆಟ್ ಇದ್ದವರು ನಡುವಿನ ಸ್ಪೀಕರ್‌ನ ಮಟ್ಟವನ್ನು 2–3 ಡೆಸಿಬೆಲ್ ಏರಿಸಿ. ರಿಸೀವರ್‌ನಲ್ಲಿ ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಎಂಬುದಿದ್ದರೆ ರಾತ್ರಿ ಹೊತ್ತು ಹಾಕಿಕೊಳ್ಳಿ, ಅದಕ್ಕೆ ಸಂಕೋಚ ಬೇಡ. ನಡುವಿನ ಸ್ಪೀಕರ್ ಇಲ್ಲದೆ ನಾಲ್ಕೇ ಇದ್ದರೆ ಸ್ಪೀಕರ್ ಸೆಟ್ಟಿಂಗ್‌ನಲ್ಲಿ ‘ಸೆಂಟರ್: ಇಲ್ಲ’ ಎಂದು ಹೇಳಲೇಬೇಕು. ಹೇಳದಿದ್ದರೆ ರಿಸೀವರ್ ಇಲ್ಲದ ಸ್ಪೀಕರ್‌ಗೆ ಮಾತನ್ನೆಲ್ಲ ಕಳಿಸುತ್ತಲೇ ಇರುತ್ತದೆ.

ಒಂದೇ ಸೌಂಡ್‌ಬಾರ್‌ನಿಂದ ನಿಜವಾದ ಸರೌಂಡ್ ಸಾಧ್ಯವೇ?

ಗೋಡೆಗೆ ಸದ್ದನ್ನು ಬಡಿಸಿ ಪಕ್ಕದಿಂದ ಬಂದಂತೆ ಮಾಡುವವು ಇವೆ. ಎರಡು ಕಿವಿಗೂ ತಲುಪುವ ಸದ್ದಿನ ಕಾಲ ಮತ್ತು ಸ್ವರೂಪವನ್ನು ಬದಲಿಸಿ ಮೆದುಳಿಗೆ ದಿಕ್ಕಿನ ಭಾಸ ಹುಟ್ಟಿಸುವವೂ ಇವೆ. ಎರಡೂ ಬಗೆ ಕೋಣೆಯನ್ನು ಬಹಳ ಅವಲಂಬಿಸುತ್ತವೆ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ತೆರೆದ ಹಜಾರವಿದ್ದರೆ ಒಂದು ದಿಕ್ಕಿನ ಸದ್ದು ಮರಳಿ ಬರುವುದೇ ಇಲ್ಲ. ಸೋಫಾದ ನಡುವೆ ಕುಳಿತವರಿಗೆ ಸಿಗುವ ಅನುಭವ ತುದಿಯವರಿಗೆ ಸಿಗದು. ಹಿಂದೆ ಎರಡು ಪುಟ್ಟ ಸ್ಪೀಕರ್ ಇಡಲು ಜಾಗ ಇರುವವರು ಅವು ಜೊತೆಗೇ ಬರುವ ಸೌಂಡ್‌ಬಾರ್ ಆರಿಸುವುದು ಲೇಸು.

ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತಿದೆ.

ಚಿತ್ರ ಮತ್ತು ಧ್ವನಿ ಬೇರೆಬೇರೆ ಕಡೆ ಸಂಸ್ಕರಣೆಯಾಗುವುದರಿಂದ ಹೀಗಾಗುತ್ತದೆ. ಧ್ವನಿ 45 ಮಿಲಿಸೆಕೆಂಡ್ ಮುಂಚೆ ಬಂದರೆ, ಅಥವಾ 125 ಮಿಲಿಸೆಕೆಂಡ್ ತಡವಾದರೆ ನೋಡುಗರಿಗೆ ತಿಳಿಯುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಮುಂಚೆ ಬಂದದ್ದು ಬೇಗ ಕಿರಿಕಿರಿ ಮಾಡುತ್ತದೆ, ಏಕೆಂದರೆ ಲೋಕದಲ್ಲಿ ಸದ್ದು ದೃಶ್ಯಕ್ಕಿಂತ ಮೊದಲು ಬರುವುದೇ ಇಲ್ಲ. ಧ್ವನಿ ಮುಂಚೆ ಬರುತ್ತಿದ್ದರೆ ರಿಸೀವರ್‌ನ ‘ಆಡಿಯೊ ಡಿಲೇ’ ಹೆಚ್ಚಿಸಿ. ತಡವಾಗುತ್ತಿದ್ದರೆ ಆ ವಿಳಂಬವನ್ನು ಸೊನ್ನೆ ಮಾಡಿ, ಬ್ಲೂಟೂತ್ ಬಿಟ್ಟು ತಂತಿ ಬಳಸಿ. ಟಿವಿಯ ‘ಗೇಮ್ ಮೋಡ್’ ಚಿತ್ರವನ್ನು ಬೇಗ ತೋರಿಸುತ್ತದೆ, ಆಗ ಧ್ವನಿ ಹಿಂದೆ ಬಿದ್ದಂತೆ ಅನಿಸಬಹುದು. ಚಿತ್ರ ನೋಡುವಾಗ ಅದನ್ನು ತೆಗೆಯಿರಿ.

ಜಾಹೀರಾತು ಬಂದಾಗ, ಸಂಚಿಕೆ ಬದಲಾದಾಗ ಒಂದೆರಡು ಕ್ಷಣ ಧ್ವನಿ ಹೋಗುತ್ತದೆ. ಕೆಟ್ಟಿದೆಯೇ?

ಇಲ್ಲ. ಜಾಹೀರಾತು ಸ್ಟೀರಿಯೊ, ಚಿತ್ರ 5.1 ಆಗಿದ್ದಾಗ ರಿಸೀವರ್ ಹೊಸ ಸಂಕೇತವನ್ನು ಗುರುತಿಸಿ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯ ಅದು.

ಸ್ಟೀರಿಯೊದಲ್ಲೇ ಇರುವ ಹಳೆಯ ಚಿತ್ರಗಳನ್ನು ಐದು ಸ್ಪೀಕರ್‌ಗೆ ಹರಡುವುದು ತಪ್ಪೇ?

ತಪ್ಪೇನಿಲ್ಲ. ‘ಡಾಲ್ಬಿ ಸರೌಂಡ್’, ‘ಡಿಟಿಎಸ್ ನ್ಯೂರಲ್ ಎಕ್ಸ್’ ಮೊದಲಾದ ಅಪ್‌ಮಿಕ್ಸರ್‌ಗಳು ಎರಡೂ ಚಾನೆಲ್‌ನಲ್ಲಿ ಸಮನಾಗಿರುವ ಮಾತನ್ನು ನಡುವಿನ ಸ್ಪೀಕರ್‌ಗೆ ಎಳೆದು, ಚದುರಿದ ಸದ್ದುಗಳನ್ನು ಹಿಂದಕ್ಕೆ ಕಳಿಸುತ್ತವೆ. ಮಾತು ಪರದೆಗೆ ಅಂಟಿಕೊಳ್ಳುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಇದನ್ನು ಇಷ್ಟಪಡುತ್ತೇನೆ. ‘ಆಲ್ ಚಾನೆಲ್ ಸ್ಟೀರಿಯೊ’ ಮಾತ್ರ ಚಿತ್ರಗಳಿಗೆ ಬೇಡ. ಸಂಗೀತವನ್ನು ಸ್ಟೀರಿಯೊದಲ್ಲೇ ಬಿಡಿ.

ಹಿಂದಿನ ಸ್ಪೀಕರ್‌ಗಳನ್ನು ಟಿವಿಯ ಪಕ್ಕದಲ್ಲೇ ಸಾಲಾಗಿ ಇಟ್ಟಿದ್ದೇನೆ, ತಂತಿ ಎಳೆಯಲು ಜಾಗವಿಲ್ಲ. ನಡೆಯುತ್ತದೆಯೇ?

ಹಾಗಿಟ್ಟರೆ ಮೇಲೆ ಹೇಳಿದ ಎಲ್ಲವನ್ನೂ ಸರಿಪಡಿಸಿದರೂ ಸುತ್ತಲ ಧ್ವನಿ ಸಿಗದು. ಮುಂದಿನ ಎಡ, ಬಲ ಸ್ಪೀಕರ್‌ಗಳು ನೀವು ಕೂರುವ ಜಾಗದಿಂದ ನೋಡಿದರೆ ನಡುಗೆರೆಗೆ 30 ಡಿಗ್ರಿಯಲ್ಲೂ, ಸರೌಂಡ್‌ನವು 100ರಿಂದ 120 ಡಿಗ್ರಿಯಲ್ಲೂ ಇರಬೇಕು. ಅಂದರೆ ಕಿವಿಯ ಪಕ್ಕದಿಂದ ತುಸು ಹಿಂದೆ, ಕುಳಿತವರ ತಲೆಗಿಂತ ಸ್ವಲ್ಪ ಎತ್ತರದಲ್ಲಿ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಎರಡು ಪಕ್ಕದ ಗೋಡೆಗಳ ಮೇಲೆ ಹಾಕಿ. ತಂತಿ ಅಡ್ಡಿಯಾದರೆ ಗೋಡೆಯಂಚಿನ ಪಟ್ಟಿಯ ಗುಂಟ ಚಪ್ಪಟೆ ಸ್ಪೀಕರ್ ತಂತಿ ಅಂಟಿಸಬಹುದು.

ಎಲ್ಲ ಸ್ಪೀಕರ್‌ಗಳೂ ಒಂದೇ ದೂರದಲ್ಲಿ ಇರಬೇಕೆಂದಿಲ್ಲ. ಸದ್ದು ಒಂದು ಮಿಲಿಸೆಕೆಂಡ್‌ನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಟೇಪು ಹಿಡಿದು ನಿಮ್ಮ ತಲೆಯಿಂದ ಪ್ರತಿ ಸ್ಪೀಕರ್‌ಗೂ ದೂರ ಅಳೆದು ರಿಸೀವರ್‌ಗೆ ಹೇಳಿದರೆ ಹತ್ತಿರದವುಗಳನ್ನು ಅದು ಅಷ್ಟಷ್ಟೇ ತಡೆದು ಕಳಿಸುತ್ತದೆ. ಸಬ್‌ವೂಫರ್‌ಗೆ ಜಾಗದ ಹಟವಿಲ್ಲ, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನ ದಿಕ್ಕು ಕಿವಿಗೆ ತಿಳಿಯುವುದಿಲ್ಲ. ಆದರೆ ಮೂಲೆಯಲ್ಲಿಟ್ಟರೆ ಗುಂಯ್‌ಗುಡುತ್ತದೆ, ಅಲ್ಲಿಂದ ಒಂದೆರಡು ಅಡಿ ಸರಿಸಿ ಅದೇ ದೃಶ್ಯವನ್ನು ಮತ್ತೆ ಹಾಕಿ ಕೇಳಿ.